ಕಾನಾನ ದೇಶ ಬೇಚರಾಕ್ ಇತ್ತೇನ್ರಿ?

ಚಿತ್ತಾಪುರದ ಕಾಲೇಜಿಗೆ ಹೊಸದಾಗಿ ಬಂದಿರುವ ಇತಿಹಾಸದ ಉಪನ್ಯಾಸಕರೊಬ್ಬರು ಈಚೆಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, "ಸರ್, ಈ ಕೆಲಸದಾಗ ಹುಷಾರ್ ಇರಬೇಕಾದದ್ದು ಏನ್ರಿ?" ಎಂದು ಕೇಳಿದರು. ನಾನು ಥಟ್ಟನೆ, "ಒಂದೇ ವಿಷಯದ ಮ್ಯಾಲ ಭಾಳ ಪ್ರೀತಿ ಇಟ್ಕೋಬ್ಯಾಡ್ರಿ" ಎಂದುಬಿಟ್ಟೆ. ಮುದುಕ ತಮಾಷೆ ಮಾಡಿದನೆಂದು ಅವರು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳಿ ಮುಗಿಸುವ ಮಾತೂ ಅದಾಗಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಚಿಂಚೋಳಿ, ಚಿತ್ತಾಪುರ, ಸೇಡಂ, ಕೊನೆಗೆ ಶಹಾಬಾದ್, ಈ ನಾಲ್ಕು ಊರಿನ ಕಾಲೇಜುಗಳಲ್ಲಿ ನನ್ನ ನೌಕರಿ ಮುಗಿಯಿತು. ಬಡ್ತಿ ಯಾವಾಗ ಬಂತು, ಸಂಬಳ ಎಷ್ಟಾಯಿತು ಎಂಬುದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ, ಬೇಕಾದವರು ಅಲ್ಲಿ ನೋಡಿಕೊಳ್ಳಲಿ. ನಾನು ಹೇಳಬೇಕಾಗಿರುವುದು ನನ್ನ ಬೆನ್ನು ಹತ್ತಿದ ಒಂದು ವಿಷಯದ ಬಗ್ಗೆ.

ಚಿಂಚೋಳಿಯಲ್ಲಿ ಕೆಲಸಕ್ಕೆ ಸೇರಿದಾಗ ಬಹಮನಿ ಸುಲ್ತಾನರನ್ನು ಒಬ್ಬ ಹಿರಿಯರು ಹಿಡಿದುಕೊಂಡಿದ್ದರು, ವಿಜಯನಗರವನ್ನು ಇನ್ನೊಬ್ಬರು. ಉಳಿದದ್ದು ಪಶ್ಚಿಮ ಏಷ್ಯಾದ ಪ್ರಾಚೀನ ಇತಿಹಾಸ. ಪ್ರಿನ್ಸಿಪಾಲರು ಎಲೆಯಡಿಕೆ ಮೆಲ್ಲುತ್ತ, "ಶಿವಶರಣಪ್ಪ, ನೀವು ಎಲ್ಲಾರಕಿಂತ ಸಣ್ಣವರಿದ್ದೀರಿ, ಇದು ನೀವೇ ತಗೊಳ್ರಿ. ಇಲ್ಲಿ ಯಾರಿಗೂ ಗೊತ್ತಿಲ್ಲ, ಏನು ಹೇಳಿದ್ರೂ ನಡೀತದ" ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ನನಗೆ ಮಾತ್ರ ಆ ಕೊನೆಯ ಮಾತು ಮೈಗೆ ಮುಳ್ಳು ತಾಗಿದ ಹಾಗಾಯಿತು. ಏನು ಹೇಳಿದರೂ ನಡೆಯುತ್ತದೆ ಅಂದರೆ ನಾನು ಹೇಳುವುದನ್ನು ಕೇಳುವವರೇ ಇಲ್ಲ ಎಂದಲ್ಲವೇ?

ಹಟಕ್ಕೆ ಬಿದ್ದು ಕಲಬುರಗಿಗೆ ಹೋಗಿ ದೊಡ್ಡ ಲೈಬ್ರರಿಯಲ್ಲಿ ಹುಡುಕಿದೆ. ಕೆಳಗಿನ ಕಪಾಟಿನಲ್ಲಿ ಯೆಹೂದ್ಯರ ಧರ್ಮಗುರುಗಳ ಚರ್ಚೆಗಳ ಇಂಗ್ಲಿಷ್ ಅನುವಾದಗಳು ಧೂಳು ತಿನ್ನುತ್ತ ಕೂತಿದ್ದವು. ಎಷ್ಟೋ ಹಾಳೆಗಳ ಅಂಚು ಕೂಡ ಕತ್ತರಿಸಿರಲಿಲ್ಲ. ನನಗಿಂತ ಮೊದಲು ಅವನ್ನು ಯಾರೂ ತೆರೆದಿರಲಿಲ್ಲ.

ವಿಷಯ ಇಷ್ಟು. ಯೆಹೂದ್ಯರ ಪೂರ್ವಜರಾದ ಹಳೆಯ ಇಸ್ರಾಯೇಲ್ಯರು ಐಗುಪ್ತದ, ಅಂದರೆ ಈಜಿಪ್ಟಿನ, ಗುಲಾಮಗಿರಿಯಿಂದ ಬಿಡಿಸಿಕೊಂಡು ಕಾನಾನ ದೇಶಕ್ಕೆ ಬಂದರು. ಅಲ್ಲಿ ಮೊದಲೇ ಏಳು ಕುಲಗಳ ಜನ ಇದ್ದರು. ಅವರಲ್ಲಿ ಒಬ್ಬರನ್ನೂ ಉಳಿಸಬಾರದು ಎಂಬ ಆಜ್ಞೆ ಇಸ್ರಾಯೇಲ್ಯರ ಧರ್ಮಗ್ರಂಥದಲ್ಲೇ ಇದೆ. ಆಮೇಲಿನ ಎರಡು ಸಾವಿರ ವರ್ಷ ಅವರದೇ ಗುರುಗಳು ಆ ಮಾತಿನ ಸುತ್ತ ಕೂತು ವಾದ ಮಾಡಿದ್ದಾರೆ. ಕೆಲವರು ಅದನ್ನು ಸಮರ್ಥಿಸಿದರು, ಕೆಲವರು ಮೆತ್ತಗೆ ಮಾಡಿದರು, ಕೆಲವರು ಇನ್ನು ಯಾರಿಗೂ ಅದು ಅನ್ವಯಿಸದಂತೆ ಬಾಗಿಲೇ ಹಾಕಿದರು. ಯಾರೂ ಅದನ್ನು ಹರಿದು ಬಿಸಾಕಲಿಲ್ಲ, ಯಾರೂ ಸುಮ್ಮನೆ ಕೂಡಲೂ ಇಲ್ಲ. ನನಗೆ ಹಿಡಿಸಿದ್ದು ಅದೇ. ತನ್ನ ಹಿರಿಯರು ಮಾಡಿದ್ದನ್ನು ಒಂದು ಜನ ಹೇಗೆ ನುಂಗಿಕೊಳ್ಳಬೇಕು ಎನ್ನುವ ಪ್ರಶ್ನೆ ಹಳೆಯದಷ್ಟೇ ಅಲ್ಲ, ಇವತ್ತಿನದೂ ಹೌದು ಎಂದು ನನಗೆ ಅನಿಸಿತು.

ಆದರೆ ಯಾರ ಮುಂದೆ ಹೇಳುವುದು? ವಾಡಿಯಿಂದ ಚಿಂಚೋಳಿಯವರೆಗೆ ಹುಡುಕಿದರೂ ಒಂದು ಯೆಹೂದ್ಯರ ಮನೆ ಇಲ್ಲ. ಸ್ಟಾಫ್ ರೂಮಿನಲ್ಲಿ ಒಂದು ಸಲ ಬಾಯಿ ಬಿಟ್ಟೆ. ತೊಗರಿಯ ರೇಟು, ಕಾಳಗಿ ಬಸ್ಸು, ಯಾರ ವರ್ಗಾವಣೆಗೆ ಯಾರ ವಶೀಲಿ ಎಂದು ನಡೆದಿದ್ದ ಮಾತು ನಿಂತು ಎಲ್ಲರೂ ನನ್ನ ಮುಖ ನೋಡಿದರು. ಗಣಿತದವರು, "ನಮ್ಮ ಕಾನಾನಪ್ಪ ಶುರು ಮಾಡಿದ್ರು ನೋಡ್ರಿ" ಎಂದರು. ಆ ಹೆಸರು ನಿಂತೇಬಿಟ್ಟಿತು. ಹುಡುಗರು 'ಕಾನಾನ್ ಸರ್' ಎನ್ನತೊಡಗಿದರು. ಸೇಡಂನ ಚಹಾದಂಗಡಿಯವನಿಗೂ ನನ್ನ ನಿಜವಾದ ಹೆಸರು ಗೊತ್ತಿರಲಿಲ್ಲ.

ಮದುವೆಯಾಗಲಿಲ್ಲ. ಅವ್ವ ಇರುವವರೆಗೆ ಕೇಳಿದಳು, ಆಮೇಲೆ ಕೇಳುವವರಿರಲಿಲ್ಲ. ಎಲ್ಲ ಊರಿನಲ್ಲೂ ಬಾಡಿಗೆಯ ಖೋಲಿ, ಸ್ಟೋವಿನ ಮೇಲೆ ಒಂದು ಅನ್ನ, ಮುಂದೆ ಒಂದು ಪುಸ್ತಕ. ಓದಿ ಖುಷಿಯಾದರೆ ಹೇಳಿಕೊಳ್ಳಲು ಗೋಡೆ ಇರುತ್ತಿತ್ತು.

ಒಂದು ಫಜೀತಿಯನ್ನೂ ಹೇಳಬೇಕು. ಚಿತ್ತಾಪುರದಲ್ಲಿ ಸೌಲನೆಂಬ ರಾಜನ ಪಾಠ ಮಾಡುತ್ತಿದ್ದೆ. ಇದು ಕಾನಾನ್ಯರದ್ದಲ್ಲ, ಅಮಾಲೇಕ್ಯರೆಂಬ ಇನ್ನೊಂದು ಕುಲದ್ದು; ಅವರನ್ನೂ ಮುಗಿಸಿಬಿಡು ಎಂದು ಸೌಲನಿಗೆ ಅಪ್ಪಣೆಯಾಗಿತ್ತು. ಸೌಲ ಒಂದು ಒಣ ಹಳ್ಳದಲ್ಲಿ ಹೊಂಚಿದ ಎಂದು ಗ್ರಂಥ ಹೇಳುತ್ತದೆ. ಮೂಲದಲ್ಲಿ 'ಹೊಂಚಿದ' ಎಂಬಲ್ಲಿರುವ ಶಬ್ದಕ್ಕೆ ಜಗಳವಾಡಿದ ಎಂಬ ಅರ್ಥವನ್ನೂ ಹೊಂದಿಸಬಹುದಂತೆ. ಗುರುಗಳು ಅದನ್ನೇ ಹಿಡಿದು, ಸೌಲ ಹಳ್ಳದಲ್ಲಿ ನಿಂತು ದೇವರೊಂದಿಗೇ ವಾದ ಹೂಡಿದನೆಂದು ಹೇಳಿದರು. ಹೊಲದಲ್ಲಿ ಒಂದು ಅನಾಥ ಹೆಣ ಸಿಕ್ಕರೂ ಊರ ಹಿರಿಯರು ಹಳ್ಳಕ್ಕೆ ಕರು ಒಯ್ದು ಪ್ರಾಯಶ್ಚಿತ್ತ ಮಾಡಬೇಕೆಂದು ನಿನ್ನ ಕಾಯ್ದೆ ಇದೆಯಲ್ಲ, ಹಾಗಿದ್ದರೆ ಇಷ್ಟೊಂದು ಜೀವಕ್ಕೆ ಏನು ಮಾಡಬೇಕು? ದೊಡ್ಡವರು ತಪ್ಪು ಮಾಡಿದ್ದರೆ ಕೂಸುಗಳದ್ದೇನು ತಪ್ಪು? ದನಗಳದ್ದೇನು? ಇವು ಸೌಲನ ಪ್ರಶ್ನೆಗಳು. ಅತಿ ನೀತಿವಂತನಾಗಬೇಡ ಎಂದು ಆಕಾಶವಾಣಿಯಾಯಿತಂತೆ. ಇದೇ ಸೌಲ ಮುಂದೊಮ್ಮೆ ತನ್ನವರದೇ ಪುರೋಹಿತರ ಊರೊಂದನ್ನು ಕಡಿದು ಹಾಕಿದಾಗ, ಅತಿ ದುಷ್ಟನಾಗಬೇಡ ಎಂದು ಮತ್ತೊಂದು ವಾಣಿಯಾಯಿತಂತೆ.

ಇಂಗ್ಲಿಷ್ ಪುಸ್ತಕದಲ್ಲಿ ಒಣ ಹಳ್ಳಕ್ಕೆ ಅರಬ್ಬೀ ಮಾತು 'ವಾಡಿ' ಎಂದಿತ್ತು. ನಾನೂ ಹಾಗೇ ಹೇಳಿದೆ. ಅರ್ಧ ಕ್ಲಾಸು ದಿನವೂ ಪಕ್ಕದ ವಾಡಿ ಊರಿನಿಂದ ಪ್ಯಾಸೆಂಜರ್ ಗಾಡಿಗೆ ಬರುವ ಹುಡುಗರು. ಪರೀಕ್ಷೆಯಲ್ಲಿ ಎಷ್ಟೋ ಮಂದಿ ಸೌಲ ವಾಡಿ ಜಂಕ್ಷನ್ನಿಗೆ ಬಂದು ದೇವರ ಜೋಡಿ ಜಗಳಾಡಿದನೆಂದು ಬರೆದರು. ಒಬ್ಬನಂತೂ ಪ್ಲಾಟ್‌ಫಾರಂ ಕೂಡ ಹೇಳಿದ್ದ. ಮೌಲ್ಯಮಾಪನದ ಮುಖ್ಯಸ್ಥರು ಅದನ್ನು ಗಟ್ಟಿಯಾಗಿ ಓದಿ ಇಡೀ ಹಾಲನ್ನು ನಗಿಸಿದರು. ನಾನೂ ನಕ್ಕೆ. ಖೋಲಿಗೆ ಬಂದ ಮೇಲೆ ಮಾತ್ರ ನಗು ಬರಲಿಲ್ಲ. ಕೂಸುಗಳದ್ದೇನು ತಪ್ಪು ಎಂದು ಒಬ್ಬ ರಾಜ ದೇವರನ್ನು ಕೇಳಿದ್ದ, ಆ ಪ್ರಶ್ನೆ ಒಬ್ಬರ ಪೇಪರಿನಲ್ಲೂ ಇರಲಿಲ್ಲ.

ಸೇಡಂನಲ್ಲಿ ಬಹಳ ವರ್ಷ ಇದ್ದೆ. ಅಲ್ಲಿ ಒಂದು ದಿನ ಬೋರ್ಡಿನ ಮೇಲೆ ಕಾನಾನಿನ ನಕ್ಷೆ ಬಿಡಿಸಿದೆ. ಸಮುದ್ರ, ನದಿ, ಗುಡ್ಡ, ಅಷ್ಟೆ. ಊರಿನ ಕಂದಾಯದ ಲೆಕ್ಕ ಬರೆಯುವ ತಲಾಠಿಯ ಮಗನೊಬ್ಬ ಕೈ ಎತ್ತಿ, "ಸರ್, ಕಾನಾನ ದೇಶ ಬೇಚರಾಕ್ ಇತ್ತೇನ್ರಿ?" ಎಂದ.

ಹೊರಗಿನವರಿಗೆ ಈ ಮಾತು ತಿಳಿಯಲಿಕ್ಕಿಲ್ಲ. ನಿಜಾಮರ ಕಾಲದಿಂದ ಉಳಿದ ಕಂದಾಯದ ಮಾತು. ಚಿರಾಗ್ ಎಂದರೆ ದೀಪ, ಬೇ ಎಂದರೆ ಇಲ್ಲದ್ದು. ಕಾಗದದಲ್ಲಿ ಊರಿನ ಹೆಸರು, ಗಡಿ, ಸರ್ವೆ ನಂಬರು ಎಲ್ಲ ಇರುತ್ತದೆ, ಆದರೆ ಸಂಜೆ ದೀಪ ಹಚ್ಚಲು ಅಲ್ಲಿ ಯಾರೂ ಇರುವುದಿಲ್ಲ. ಅಂಥದ್ದು ಬೇಚರಾಕ್ ಊರು. ಹುಡುಗನದ್ದೇನೂ ತಪ್ಪಿಲ್ಲ, ನನ್ನ ನಕ್ಷೆಯಲ್ಲಿ ಒಂದಾದರೂ ಊರಿದ್ದರೆ ಅವನು ಕೇಳುತ್ತಿರಲಿಲ್ಲ. ಇಲ್ಲಪ್ಪ, ಅಲ್ಲಿ ಮನೆ ಮನೆಯಲ್ಲೂ ದೀಪ ಇತ್ತು ಎಂದು ಹೇಳಿ, ನನಗೆ ಬಹಳ ಇಷ್ಟವಾದ ಭಾಗಕ್ಕೆ ಬಂದೆ.

ಇಸ್ರಾಯೇಲ್ಯರ ನಾಯಕ ಯೆಹೋಶುವ ಸುಮ್ಮನೆ ಮೇಲೆ ಬೀಳಲಿಲ್ಲ, ಗಡಿ ದಾಟುವ ಮೊದಲು ಮೂರು ಓಲೆ ಕಳಿಸಿದ ಎಂದು ಗುರುಗಳು ಹೇಳುತ್ತಾರೆ. ಹೋಗಬೇಕೆನ್ನುವವರು ಹೋಗಬಹುದು. ಸಂಧಿ ಬೇಕೆನ್ನುವವರು ಸಂಧಿ ಮಾಡಿಕೊಳ್ಳಬಹುದು. ಯುದ್ಧ ಬೇಕೆನ್ನುವವರು ಯುದ್ಧಕ್ಕೆ ಬರಬಹುದು. ಗಿರ್ಗಾಷಿಯರೆಂಬ ಕುಲ ಎದ್ದು ಆಫ್ರಿಕಾಕ್ಕೆ ಹೋಯಿತಂತೆ, ಗಿಬ್ಯೋನಿನವರು ಸಂಧಿಗೆ ಬಂದರಂತೆ, ಉಳಿದ ಅರಸರು ಕಾದಿ ಬಿದ್ದರಂತೆ. ಮೂಲ ಗ್ರಂಥದಲ್ಲಿ ಈ ಓಲೆಗಳಿಲ್ಲ. ಓದಿ ಸಂಕಟಪಟ್ಟ ಗುರುಗಳು ಬರೆಸಿದ ಓಲೆಗಳು ಅವು.

ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಸುಜಾತಾ ಎಂದು ಹೆಸರು. ವಾಡಿಯ ಆಚೆಗಿನ ಒಂದು ಸಣ್ಣ ಹಳ್ಳಿಯವಳು, ಬೌದ್ಧರ ಮನೆ, ಅಪ್ಪ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯಲ್ಲಿ ಕೂಲಿ. ಖಣಿ ಬೆಳೆದು ಬೆಳೆದು ಅವರ ಊರಿನ ತನಕ ಬಂದಿತ್ತು, ಊರು ಎಬ್ಬಿಸುವ ಮಾತು ಆಗಲೇ ನಡೆದಿತ್ತು. ಅದು ನನಗೆ ಗೊತ್ತಾದದ್ದು ಆಮೇಲೆ.

"ಸರ್, ನಾಲ್ಕನೇದು ಇರಲಿಲ್ಲೇನ್ರಿ?"

"ನಾಲ್ಕನೇದು ಯಾವುದವ್ವ?"

"ನೀವು ಇದ್ದಲ್ಲೇ ಇರ್ರಿ ಅನ್ನೋದು."

ಸಂಧಿ ಎಂದರೆ ಅದೇ ಅಲ್ಲವೇ ಎಂದೆ. ಕಪ್ಪ ಕೊಟ್ಟು, ಇವರ ಕಟ್ಟಳೆ ಒಪ್ಪಿ ಅಲ್ಲೇ ಇರಬಹುದಿತ್ತು. ಗಿಬ್ಯೋನಿನವರು ಹಾಗೇ ಉಳಿದರು, ಕಟ್ಟಿಗೆ ಒಡೆಯುವ, ನೀರು ಹೊರುವ ಕೆಲಸ ಅವರಿಗೆ ಬಂತು.

"ಅದು ಇರೋದಲ್ರಿ ಸರ್, ಇಟ್ಕೊಳ್ಳೋದು" ಎಂದು ಹೇಳಿ ಕೂತುಬಿಟ್ಟಳು.

ಆ ಸಂಜೆ ಖೋಲಿಗೆ ಬಂದವನು ಅಡಿಗೆ ಮಾಡಲಿಲ್ಲ. ನನಗೆ ಬೇಜಾರಾಗಿರಲಿಲ್ಲ, ಕುಣಿಯುವಷ್ಟು ಸಂತೋಷವಾಗಿತ್ತು. ಮೊದಲ ಸಲ ಒಬ್ಬರು ನನ್ನ ಮಾತು ಕೇಳಿಸಿಕೊಂಡು, ಅದು ತಪ್ಪು ಎಂದಿದ್ದರು.

ಆ ಗುರುಗಳ ಶಿಷ್ಯರು ಓದುವ ರೀತಿ ನಮಗಿಂತ ಬೇರೆ. ಒಬ್ಬರೇ ಕೂತು ಮನಸ್ಸಿನಲ್ಲಿ ಓದುವುದಿಲ್ಲ. ಇಬ್ಬರು ಎದುರುಬದುರು ಕೂತು, ಗಟ್ಟಿಯಾಗಿ ಓದಿ, ಸಾಲು ಸಾಲಿಗೆ ಜಗಳ ಮಾಡುತ್ತಾರೆ. ಇಬ್ಬರಲ್ಲಿ ಒಬ್ಬ ಸತ್ತರೆ ಉಳಿದವನ ಓದೂ ಅರ್ಧ ಸತ್ತ ಹಾಗೆ. ನಾನು ಇದನ್ನು ಕ್ಲಾಸಿನಲ್ಲಿ ಎಷ್ಟೋ ಸಲ ಹೇಳಿದ್ದೆ. ಆದರೆ ನನಗೇ ಒಂದು ಜೋಡಿ ಇರಲಿಲ್ಲ. ಈ ನೌಕರಿಯಲ್ಲಿ ನಾನು ಆಸೆಪಟ್ಟದ್ದು ಅದೊಂದೇ, ಎದುರಿಗೆ ಕೂತು ಜಗಳಾಡುವ ಒಬ್ಬರು.

ಅದು ಸಿಕ್ಕಿದ್ದು ಶಹಾಬಾದಿನಲ್ಲಿ. ನನಗೆ ಅಲ್ಲಿಗೆ ವರ್ಗವಾಗಿತ್ತು. ಎಂ.ಎ. ಮುಗಿಸಿದ ಸುಜಾತಾ ಅತಿಥಿ ಉಪನ್ಯಾಸಕಿಯಾಗಿ ಅದೇ ಕಾಲೇಜಿಗೆ ಬಂದಳು. ಮೊದಲ ದಿನವೇ ಸ್ಟಾಫ್ ರೂಮಿನಲ್ಲಿ, "ಸರ್, ನಂದು ಆ ನಾಲ್ಕನೇದು ಇನ್ನೂ ಬಾಕಿ ಅದರಿ" ಎಂದಳು. ಶನಿವಾರ ಬೆಳಗಿನ ಕ್ಲಾಸು ಮುಗಿದ ಮೇಲೆ ಲೈಬ್ರರಿಯ ಮೂಲೆಯ ಟೇಬಲ್ಲಿಗೆ ನಾವಿಬ್ಬರೂ ಕೂಡತೊಡಗಿದೆವು. ನಾನು ಗುರುಗಳ ಕಡೆ, ಅವಳು ಕಾನಾನ್ಯರ ಕಡೆ. ಆ ಜೋಡಿ ಓದಿಗೊಂದು ನಿಯಮವಿದೆ, ನಾವೂ ಅದನ್ನು ಪಾಲಿಸಿದೆವು. ಆಗಾಗ ಕಡೆ ಬದಲಿಸಬೇಕು. ಎದುರಿನವರ ವಾದವನ್ನು ಅವರಿಗಿಂತ ಚೆನ್ನಾಗಿ ಮಂಡಿಸಬೇಕು, ಸುಳ್ಳು ಹೇಳಿದರೆ ಅಲ್ಲೇ ಹಿಡಿಯಬೇಕು. ನಾನು ತೇಲಿಸಿ ಮಾತಾಡಿದರೆ ಸಾಕು, "ಹಿಡಿದೆ ನೋಡ್ರಿ ಸರ್" ಎಂದು ಟೇಬಲ್ ಬಡಿಯುತ್ತಿದ್ದಳು. ಲೈಬ್ರರಿಯನ್ ಬಂದು ಬೈದು ಹೋಗುತ್ತಿದ್ದರು. ನನ್ನ ಜೀವನದಲ್ಲಿ ಶನಿವಾರಕ್ಕೆ ಕಾದದ್ದು ಆ ಕಾಲದಲ್ಲಿ ಮಾತ್ರ.

ಗುರುಗಳ ಚರ್ಚೆಯಲ್ಲೇ ಒಂದು ದಾವೆಯ ಕಥೆ ಇದೆ. ಕಾನಾನ್ಯರ ವಂಶದವರು ಗ್ರೀಕ್ ಚಕ್ರವರ್ತಿಯ ಮುಂದೆ ಬಂದು, ಆ ನೆಲ ನಮ್ಮದು, ಕೊಡಿಸಿ ಎಂದು ಫಿರ್ಯಾದು ಕೊಟ್ಟರಂತೆ. ಯೆಹೂದ್ಯರ ಪರವಾಗಿ ನಿಂತವನು ಪಂಡಿತನಲ್ಲ, ಸಾಮಾನ್ಯ ಮನುಷ್ಯ. ಅವನು, ನಿಮ್ಮ ಮೂಲಪುರುಷ ಗುಲಾಮನಾಗಲಿ ಎಂದು ಶಾಪವಿದೆ, ಗುಲಾಮನ ಆಸ್ತಿ ಒಡೆಯನದ್ದೇ, ಮೇಲಾಗಿ ನೀವು ಇಷ್ಟು ವರ್ಷ ನಮ್ಮ ಸೇವೆ ಮಾಡದೇ ಬಾಕಿ ಉಳಿಸಿದ್ದೀರಿ ಎಂದ. ಫಿರ್ಯಾದಿಗಳು ಗಡುವು ಕೇಳಿದರು, ಉತ್ತರ ಹೊಳೆಯಲಿಲ್ಲ, ಬಿತ್ತಿದ ಹೊಲ ಬಿಟ್ಟು ಓಡಿಹೋದರು. ಎಷ್ಟು ಜಾಣತನದ ಉತ್ತರ ನೋಡು ಎಂದು ನಾನು ಹೇಳುತ್ತಿದ್ದೆ.

ಅದನ್ನು ಕ್ಲಾಸಿನಲ್ಲಿ ಕೋರ್ಟಿನ ಹಾಗೆ ಆಡಿಸೋಣ ಎಂದು ಸುಜಾತಾ ಹೊರಟಳು. ಅವಳೇ ಫಿರ್ಯಾದಿ. ಬಾಗಿಲ ತನಕ ಹುಡುಗರು ತುಂಬಿದ್ದರು. ಪ್ರತಿವಾದಿಯ ಜಾಣ ಉತ್ತರವಾಯಿತು, ಚಪ್ಪಾಳೆ ಬಿತ್ತು. ಇನ್ನು ಅವಳು ಓಡಬೇಕು. ನಿಂತೇ ಇದ್ದಳು.

"ನಾ ಓಡಂಗಿಲ್ರಿ ಸರ್. ಬಿತ್ತಿದ ಹೊಲ ಬಿಟ್ಟು ಯಾರ್ರೀ ಓಡ್ತಾರ? ಉತ್ತರ ಹೊಳೀಲಾರದ್ದಕ್ಕ ಓಡಿಲ್ಲ ಇವರು. ಯಾರೋ ಓಡಿಸ್ಯಾರ. ಅದು ಇದರಾಗ ಬರದಿಲ್ಲ."

ಆ ಕಥೆಯನ್ನು ನಾನು ಎಷ್ಟು ವರ್ಷ ಓದಿದ್ದೆನೋ, ಹೊಲದ ಕಡೆ ನನ್ನ ಕಣ್ಣು ಹೋಗಿರಲೇ ಇಲ್ಲ.

ಮರುದಿನ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಪಾಪ, ಅಂಜುಬುರುಕ ಮನುಷ್ಯ. "ಏನು ನಡಸಲಿಕತ್ತೀರಿ ನೀವು? ಇಸ್ರೇಲ್ ಅಂದ್ರ ಒಬ್ಬರಿಗೆ ಸಿಟ್ಟು ಬರ್ತದ, ಖಣಿ ಅಂದ್ರ ಇನ್ನೊಬ್ಬರಿಗೆ ಬರ್ತದ. ನೀವು ಎರಡೂ ಕೂಡಿಸೀರಿ!" ಎಂದರು. ಇದು ಮೂರು ಸಾವಿರ ವರ್ಷದ ಹಿಂದಿನ ಮಾತು, ಈಗಿನ ಯಾವ ದೇಶದ್ದೂ ಅಲ್ಲ ಎಂದೆ. "ಹಳೇದಾದ್ರ ಹಳೇದಾಗೇ ಇರಲಿ ಬಿಡ್ರಿ" ಎಂದರು. ಅವರು ಅರಿಯದೆ ಹೇಳಿದರೂ ನನ್ನ ವಿಷಯದ ಅರ್ಧ ಜಗಳ ಆ ಮಾತಿನಲ್ಲೇ ಇತ್ತು.

ಮುಂದಿನ ಮಳೆಗಾಲಕ್ಕೆ ಖಣಿಗಾಗಿ ಸುಜಾತಾಳ ಊರನ್ನು ಎಬ್ಬಿಸಿದರು. ವಾಡಿಯ ಅಂಚಿಗೆ ಸಾಲುಮನೆ ಕಟ್ಟಿಕೊಟ್ಟರು. ಅವಳು ಆ ವಾರವೂ ಓದಲು ಬಂದಳು. ಅಂದು ಕಡೆ ಬದಲಿಸುವ ದಿನ, ಅವಳು ಗುರುಗಳ ಪರ ಓದಬೇಕಿತ್ತು. ಎಂಟುನೂರು ವರ್ಷದ ಹಿಂದಿನ ಒಬ್ಬ ದೊಡ್ಡ ಪಂಡಿತರ ತೀರ್ಪು ಬಂತು. ಯಾರ ಮೇಲೂ, ಆ ಏಳು ಕುಲಗಳ ಮೇಲೂ, ಮೊದಲು ಶಾಂತಿಯ ಮಾತಾಡದೆ ಯುದ್ಧ ಮಾಡಕೂಡದು ಎಂದವರು ಅವರು. ಅವರೇ ಇನ್ನೊಂದು ಕಡೆ, ಆಜ್ಞೆಯೇನೋ ಇದೆ, ಆದರೆ ಆ ಕುಲಗಳ ನೆನಪೇ ಅಳಿದುಹೋಗಿದೆ ಎನ್ನುತ್ತಾರೆ. ಅಸ್ಸೀರಿಯದ ಅರಸನೊಬ್ಬ ಜನಾಂಗಗಳನ್ನೆಲ್ಲ ಕಲಸಿಬಿಟ್ಟ, ಈಗ ಯಾರು ಯಾರೆಂದು ಹೇಳಲಾಗದು ಎಂಬುದು ಹಳೆಯ ಗುರುಗಳ ಮಾತು. ಎರಡೂ ಸೇರಿಸಿದರೆ, ಆ ಆಜ್ಞೆಯನ್ನು ಹಿಡಿದು ಇನ್ನು ಯಾರೂ ಯಾರ ಮೇಲೂ ಕೈ ಎತ್ತುವ ಹಾಗಿಲ್ಲ. ನನಗೆ ಅದು ಇಡೀ ಚರ್ಚೆಯಲ್ಲಿ ಅತ್ಯಂತ ಕರುಣೆಯ ಜಾಗವಾಗಿತ್ತು.

ಅವಳು ಗಟ್ಟಿಯಾಗಿ ಓದಿದಳು. ನೆನಪೇ ಅಳಿದುಹೋಗಿದೆ ಎಂಬಲ್ಲಿಗೆ ಬಂದು ನಿಲ್ಲಿಸಿದಳು.

"ಸರ್, ನಮ್ಮೂರು ಈಗ ಕಾಗದದಾಗ ಬೇಚರಾಕ್ ಅಂತ ಬರದಾರ."

ಪುಸ್ತಕದ ಆ ಸಾಲಿನ ಮೇಲೆ ಬೆರಳಿಟ್ಟಳು.

"ಈ ಸಾಲು ನಿಮಗ ಸಮಾಧಾನ ಕೊಡ್ತದ. ಕೊಡಲಿ, ಒಳ್ಳೇ ಸಾಲೇ ಅದ. ಅವರು ಮರುಗಿದ್ದು ಖರೆ, ಯಾರಿಗೂ ಮತ್ತ ಹಿಂಗ ಆಗಬಾರದು ಅಂದದ್ದೂ ಖರೆ. ಆದ್ರ ನನಗ ಇದನ್ನ ಓದಲಿಕ್ಕ ಆಗವಲ್ದರಿ. ನೆನಪು ಅಳಿಯೋದಕ್ಕಿಂತ ಮೊದಲು ನಾ ನಮ್ಮ ಮಂದಿ ಹತ್ರ ಹೋಗಬೇಕು."

ಸಿಟ್ಟಿರಲಿಲ್ಲ, ಜಗಳವೂ ಆಗಲಿಲ್ಲ. ಪುಸ್ತಕವನ್ನು ಕಪಾಟಿಗಿಟ್ಟು, ಕುರ್ಚಿಯನ್ನು ಒಳಗೆ ಸರಿಸಿ ಹೋದಳು. ಮುಂದಿನ ಶನಿವಾರ ಬರಲಿಲ್ಲ. ಮುಂದಿನ ವರ್ಷ ಅತಿಥಿ ಉಪನ್ಯಾಸಕರ ಕೆಲಸಕ್ಕೆ ಅರ್ಜಿಯನ್ನೇ ಹಾಕಲಿಲ್ಲ. ಅವಳು ಮಾಡಿದ್ದು ಸರಿಯೆಂದು ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದರೂ ಎಷ್ಟೋ ಶನಿವಾರ ಆ ಟೇಬಲ್ಲಿಗೆ ಹೋಗಿ ಕೂತೆ.

ಆಮೇಲಿನ ನೌಕರಿಯ ಬಗ್ಗೆ ಹೇಳುವಂಥದ್ದು ಕಡಿಮೆ. ನಾನು ಸೇರಿದಾಗ ಸೀಮೆಸುಣ್ಣ, ಆಮೇಲೆ ಸೈಕ್ಲೋಸ್ಟೈಲ್ ನೋಟ್ಸು, ಕೊನೆಗೆ ಪ್ರೊಜೆಕ್ಟರ್. ಪ್ರಶ್ನೆಯ ಕೆಳಗೆ ನಾಲ್ಕು ಉತ್ತರ ಕೊಟ್ಟು ಒಂದಕ್ಕೆ ಗುರುತು ಹಾಕಿಸುವ ಪದ್ಧತಿ ಬಂತು. ಕಾನಾನ್ಯರ ಸೋಲಿಗೆ ಕಾರಣವೇನು ಎಂಬುದಕ್ಕೂ ನಾಲ್ಕು ಉತ್ತರ ತಯಾರಿಸಿ ಕೊಡಿ ಎಂದರು. ಕೊಟ್ಟೆ. ಹೊಸ ಸಿಲೆಬಸ್ಸಿನಲ್ಲಿ ಆ ಪೇಪರೇ ಹೋಯಿತು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಕಾನಾನ್ ಸರ್ ಎಂದರೆ ನಮ್ಮ ಕಾಲೇಜಿನ ನಗುವೇ ಆಗಿದ್ದರು ಎಂದು ಭಾಷಣ ಮಾಡಿದರು.

ಈಗ ಚಿತ್ತಾಪುರದಲ್ಲಿ ಒಂದು ಖೋಲಿ ಮಾಡಿಕೊಂಡಿದ್ದೇನೆ. ಕಳೆದ ಚಳಿಗಾಲದಲ್ಲಿ ತಡೆಯಲಾರದೆ ವಾಡಿಗೆ ಹೋದೆ. ಸುಜಾತಾ ಸಾಲುಮನೆಯ ಹೊರಗೆ ಚಾಪೆ ಹಾಸಿ, ಒಬ್ಬ ಮುದುಕಿಯ ಎದುರಿಗೆ ಮೊಬೈಲ್ ಹಿಡಿದು ಕೂತಿದ್ದಳು. ಮುದುಕಿ ಹಳೆಯ ಊರಿನ ಬಾವಿಗಳ, ಹೊಲಗಳ ಹೆಸರು ಹೇಳುತ್ತಿದ್ದಳು. "ಅಯ್ಯ, ಸರ್ ಬಂದ್ರು! ಬರ್ರಿ, ಕುಂದ್ರಿ" ಎಂದು ಎದ್ದು ಬಂದಳು. ಚಹಾ ಕೊಟ್ಟಳು. ಮುದುಕಿ ಹೋದ ಮೇಲೆ ನಾನು ಕೇಳಿದೆ.

"ಮತ್ತ ಓದೋಣೇನವ್ವ? ಈ ಸಲ ನಾ ಕಾನಾನ್ಯರ ಕಡೆ ಕುಂದ್ರತೀನಿ. ಕಡೆ ಬದಲಿ ಮಾಡೋದೇ ಬ್ಯಾಡ."

ಅವಳು ಮೊಬೈಲ್ ಕೆಳಗಿಟ್ಟಳು. ಆಮೇಲೆ ಮೆಲ್ಲಗೆ, "ಆ ಕಡೆ ನೀವು ಕುಂದ್ರಲಿಕ್ಕ ಆಗಂಗಿಲ್ರಿ ಸರ್. ನಿಮ್ಮೂರು ಇನ್ನೂ ಅದ" ಎಂದಳು. ನನ್ನ ಕೈಯಿಂದ ಖಾಲಿ ಕಪ್ಪು ತೆಗೆದುಕೊಂಡಳು. "ಬ್ಯಾಸರ ಮಾಡ್ಕೋಬ್ಯಾಡ್ರಿ. ನಾಲ್ಕನೇದು ಕೇಳಲಿಕ್ಕ ಕಲಿಸಿದವರು ನೀವೇ. ಅದು ನಿಮ್ಮ ಪುಸ್ತಕದಾಗ ಸಿಗಲಿಲ್ಲ, ಇಲ್ಲಿ ಹುಡುಕಲಿಕತ್ತೀನಿ."

ಬಸ್ಸಿನ ತನಕ ಕಳಿಸಲು ಬಂದಳು. ದಾರಿಯಲ್ಲಿ ಚಳಿಯ ಬಗ್ಗೆ, ನನ್ನ ಮಂಡಿನೋವಿನ ಬಗ್ಗೆ ಮಾತಾಡಿದೆವು. ಹಿಂದೆ ನಾವು ಎಂದೂ ಮಾತಾಡದ ಸಂಗತಿಗಳು. ಬಸ್ಸು ಬರುವ ಹೊತ್ತಿಗೆ ಅವಳು ಕೇಳಿದಳು.

"ಸರ್, ಈಗ ನಿಮ್ಮ ಜೋಡಿ ಮಾತಾಡಲಿಕ್ಕ ಯಾರರ ಬರ್ತಾರೇನ್ರಿ?"

"ಬರ್ತಾರವ್ವ" ಎಂದೆ. "ಭಾಳ ಮಂದಿ ಬರ್ತಾರ."

ಅವಳು ನನ್ನ ಮುಖ ನೋಡಿದಳು. 'ಹಿಡಿದೆ ನೋಡ್ರಿ ಸರ್' ಎನ್ನುತ್ತಾಳೆಂದು ನಾನು ಕಾದೆ. ಅವಳು ಹಿಡಿಯಲಿಲ್ಲ. "ಛಲೋ ಆಯ್ತು ಬಿಡ್ರಿ ಸರ್" ಎಂದು ನನ್ನ ಚೀಲವನ್ನು ಎತ್ತಿ ಬಸ್ಸಿನೊಳಗಿಟ್ಟಳು.